‘ದಿ ಟೆಂಪೆಸ್ಟ್’: ಮಾಯೆಯ ಮರೆಯಲ್ಲಿ ಬೆಳೆಯುವ ಪಿತೂರಿ

ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ 1611ರಲ್ಲಿ ಇಂಗ್ಲೆಂಡಿನ ಅರಮನೆಯಲ್ಲಿ ಪ್ರದರ್ಶನಗೊಂಡಿತು. 1930ರಲ್ಲಿ ಕುವೆಂಪು ಅವರು ಇದನ್ನು ‘ಬಿರುಗಾಳಿ’ಯಾಗಿ ರೂಪಾಂತರಿಸಿದ ಮೇಲೆ ಕನ್ನಡದ ಓದುಗರಿಗೂ ಅದು ಹತ್ತಿರವಾಯಿತು. ಈ ನಾಟಕದ ಚರ್ಚೆ ಸಾಮಾನ್ಯವಾಗಿ ಎರಡು ಜಾಡುಗಳಲ್ಲಿ ಸಾಗುತ್ತದೆ. ಒಂದು, ಇದನ್ನು ಕ್ಷಮೆಯ ಕಥನವಾಗಿ ನೋಡುವುದು. ಇನ್ನೊಂದು, ಪ್ರಾಸ್ಪೆರೊ ಮತ್ತು ಕ್ಯಾಲಿಬನ್‌ರ ಸಂಬಂಧದಲ್ಲಿ ವಸಾಹತುಶಾಹಿಯ ಚಹರೆಯನ್ನು ಗುರುತಿಸುವುದು. ಎರಡೂ ಸಾಧಾರವಾದ ಓದುಗಳೇ. ಆದರೆ ಎರಡೂ ಪ್ರಾಸ್ಪೆರೊನ ಮಂತ್ರವಿದ್ಯೆಯನ್ನು ಪರಿಪೂರ್ಣ ಶಕ್ತಿಯೆಂದೇ ಭಾವಿಸುತ್ತವೆ. ಈ ಗ್ರಹಿಕೆಯನ್ನು ಮರುಪರಿಶೀಲಿಸುವುದು ಅಗತ್ಯ.

ನಾಟಕದಲ್ಲಿ ಮೂರು ಪಿತೂರಿಗಳಿವೆ. ಮೊದಲನೆಯದು ಹನ್ನೆರಡು ವರ್ಷಗಳ ಹಿಂದೆ ಮಿಲಾನಿನಲ್ಲಿ ನಡೆದದ್ದು. ಗೂಢವಿದ್ಯೆಯ ಗ್ರಂಥಗಳಲ್ಲಿ ಮುಳುಗಿದ ಪ್ರಾಸ್ಪೆರೊ ರಾಜ್ಯಭಾರವನ್ನು ತಮ್ಮ ಆಂಟೋನಿಯೊನಿಗೆ ಒಪ್ಪಿಸುತ್ತಾನೆ. ತಮ್ಮ ನೇಪಲ್ಸಿನ ದೊರೆ ಅಲಾನ್ಸೊನ ನೆರವಿನಿಂದ ಪಟ್ಟವನ್ನೇ ಕಸಿಯುತ್ತಾನೆ. ಎರಡನೆಯದು ದ್ವೀಪದಲ್ಲಿ. ಏರಿಯಲ್‌ನ ಸಂಗೀತಕ್ಕೆ ಅಲಾನ್ಸೊ ಮತ್ತು ಅವನ ಪರಿವಾರ ನಿದ್ರೆಗೆ ಜಾರಿದಾಗ, ಎಚ್ಚರವಿದ್ದ ಆಂಟೋನಿಯೊ ದೊರೆಯ ಕೊಲೆಗೆ ಸೆಬಾಸ್ಟಿಯನ್‌ನನ್ನು ಪ್ರೇರೇಪಿಸುತ್ತಾನೆ. ಮೂರನೆಯದು ಕ್ಯಾಲಿಬನ್‌, ಸ್ಟೆಫಾನೊ, ಟ್ರಿಂಕ್ಯುಲೊ ಹೂಡುವ ಸಂಚು. ತಾನೇ ಏರ್ಪಡಿಸಿದ ದೇವತೆಗಳ ರೂಪಕವನ್ನು ನೋಡುತ್ತ ಮೈಮರೆತ ಪ್ರಾಸ್ಪೆರೊಗೆ ಈ ಸಂಚು ಥಟ್ಟನೆ ನೆನಪಾಗುತ್ತದೆ; ರೂಪಕ ಅಲ್ಲಿಗೇ ಮುರಿದು ಬೀಳುತ್ತದೆ.

ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. ಪಿತೂರಿಯನ್ನು ಅಡಗಿಸುವ ಮಾಯೆಯೇ ಪ್ರತಿ ಸಂದರ್ಭದಲ್ಲೂ ಅದಕ್ಕೆ ಎಡೆಮಾಡಿಕೊಡುತ್ತದೆ. ಮಿಲಾನಿನಲ್ಲಿ ಗ್ರಂಥ, ದ್ವೀಪದಲ್ಲಿ ನಿದ್ರೆ, ಕೊನೆಗೆ ರೂಪಕ: ಮೂರೂ ಮೈಮರೆವಿನ ರೂಪಗಳೇ. ಪ್ರಾಸ್ಪೆರೊನ ಗ್ರಂಥಗಳನ್ನು ಮೊದಲು ವಶಪಡಿಸಿಕೊಳ್ಳಬೇಕೆಂದು ಕ್ಯಾಲಿಬನ್ ಒತ್ತಾಯಿಸುತ್ತಾನೆ. ಒಡೆಯನ ಬಲವೂ ದೌರ್ಬಲ್ಯವೂ ಒಂದೇ ಕಡೆ ಇವೆ ಎಂಬುದನ್ನು ಈ ಮಾತು ತನಗರಿವಿಲ್ಲದೆಯೇ ಬಯಲುಮಾಡುತ್ತದೆ.

ಮಂತ್ರವು ದೇಹವನ್ನು ಕಟ್ಟಿಹಾಕಬಲ್ಲದು, ಮನಸ್ಸನ್ನು ತಿದ್ದಲಾರದು. ಕೊನೆಯ ಅಂಕದಲ್ಲಿ ಅಲಾನ್ಸೊ ಪಶ್ಚಾತ್ತಾಪದಿಂದ ರಾಜ್ಯವನ್ನು ಹಿಂದಿರುಗಿಸುತ್ತಾನೆ. ಆದರೆ ಅಣ್ಣನ ಕ್ಷಮೆಗೆ ಆಂಟೋನಿಯೊ ಒಂದು ಮಾತನ್ನೂ ಆಡುವುದಿಲ್ಲ. ಸುಖಾಂತದ ನಡುವೆ ಕವಿ ಉಳಿಸಿರುವ ಈ ಮೌನವನ್ನು ಕಡೆಗಣಿಸಿ ಕ್ಷಮೆಯ ಗೆಲುವನ್ನು ಸಾರುವುದು ಅವಸರದ ತೀರ್ಮಾನವಾಗುತ್ತದೆ.

ಆದ್ದರಿಂದ ಪ್ರಾಸ್ಪೆರೊ ದಂಡವನ್ನು ಮುರಿದು ಗ್ರಂಥವನ್ನು ಮುಳುಗಿಸಲು ನಿರ್ಧರಿಸುವುದು ಬರಿಯ ವೈರಾಗ್ಯವಲ್ಲ. ಬದಲಾಗದ ತಮ್ಮನಿರುವ ಊರಿಗೆ, ಮಾಯೆಯ ಆಸರೆಯಿಲ್ಲದೆ, ಎಚ್ಚರದಿಂದ ಆಳಲು ಹೊರಡುವವನ ಸಿದ್ಧತೆ ಅದು. ಗ್ರಂಥಗಳ ನಡುವೆಯೇ ಬದುಕುವ ಅಧ್ಯಾಪಕ ವರ್ಗವು ಈ ನಾಟಕದಲ್ಲಿ ತನ್ನ ಮುಖವನ್ನೂ ಕಾಣಬೇಕು. ಓದು ಹೊರಗಿನ ಲೋಕದ ಹೊಣೆಯನ್ನು ಮರೆಸಿದಾಗ ಸಂಚುಗಾರರಿಗೆ ಬೇರೆ ಅನುಕೂಲವೇ ಬೇಕಿಲ್ಲ.