ಸೈಕಲ್ ಬಿಚ್ಚುವವರು, ಸೈಕಲ್ ತುಳಿಯುವವರು

ಭಾಷಾವಿಜ್ಞಾನ ಓದಿದವರಿಗೆ ಮದುವೆಮನೆಯಲ್ಲಿ, ರೈಲಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ ಎದುರಾಗುವ ಪ್ರಶ್ನೆ ಒಂದೇ: ‘ಹಾಗಾದ್ರೆ ನಿಮಗೆ ಎಷ್ಟು ಭಾಷೆ ಮಾತಾಡೋಕೆ ಬರುತ್ತೆ?’ ಒಂದು ಭಾಷೆಯಲ್ಲಿ ಕ್ರಿಯಾಪದಕ್ಕೆ ಪ್ರತ್ಯಯಗಳು ಯಾವ ಕ್ರಮದಲ್ಲಿ ಸೇರುತ್ತವೆ ಎಂದು ಬಿಡಿಸಿ ನೋಡುವುದೇ ಒಂದು ಸುಖ, ಅದಕ್ಕೆ ಆ ಭಾಷೆಯಲ್ಲಿ ತರಕಾರಿ ಕೊಳ್ಳಲು ಬರಲೇಬೇಕೆಂದಿಲ್ಲ ಎಂದರೆ ಕೇಳಿದವರ ಮುಖ ಸ್ವಲ್ಪ ಬಾಡುತ್ತದೆ. ಸೈಕಲ್ಲಿನ ವಿಷಯದಲ್ಲೂ ಹೀಗೆಯೇ. ಬಾಲ್ಕನಿಯಲ್ಲಿ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿಕೊಂಡು ಕೈಗೆಲ್ಲ ಗ್ರೀಸು ಮೆತ್ತಿಕೊಂಡು ಕೂತವರಿಗೆ ಜನ ಕೇಳುವ ಮೊದಲ ಪ್ರಶ್ನೆ: ‘ದಿನಕ್ಕೆ ಎಷ್ಟು ಕಿಲೋಮೀಟರ್ ಹೊಡೀತೀರಿ?’

ನಾನಿರುವುದು ಡೊಂಬಿವಲಿಯಲ್ಲಿ. ಅನುವಾದದ ಕೆಲಸವಾದ್ದರಿಂದ ಕಚೇರಿಗೆ ಹೋಗುವ ಗೋಜಿಲ್ಲ. ನನ್ನ ಸೈಕಲ್ ತಿಂಗಳಿಗೆ ಎರಡೋ ಮೂರೋ ಸಲ ರಸ್ತೆಗಿಳಿದರೆ ಹೆಚ್ಚು. ಆದರೆ ಅದರ ಹಬ್ಬು, ಚೈನು, ಬ್ರೇಕುಗಳ ಪೈಕಿ ಏನಾದರೊಂದು ವಾರಕ್ಕೊಮ್ಮೆಯಾದರೂ ನನ್ನ ಕೈಯಲ್ಲಿರುತ್ತದೆ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ ಎಂಬುದು ಈ ಬರಹದ ಮೊದಲ ಮಾತು. ಎರಡನೆಯ ಮಾತು ಸ್ವಲ್ಪ ಖಾರದ್ದು. ಸೈಕಲ್ಲನ್ನು ಹೀಗೆ ಹವ್ಯಾಸವಾಗಿ ಪ್ರೀತಿಸುವವರನ್ನೇ ಸೈಕಲ್ ತುಳಿಯುವವರ ಪ್ರತಿನಿಧಿಗಳೆಂದು ಮುಂಬಯಿ ನಂಬಿಕೊಂಡಿದೆ. ಅದರ ಬೆಲೆ ತೆರುತ್ತಿರುವವರು ದಿನವೂ ತುಳಿಯುವ ಜನ.

ಮೊದಲ ಮಾತಿನಿಂದಲೇ ಶುರು ಮಾಡುತ್ತೇನೆ.

ಸೈಕಲ್ಲಿನಂಥ ಮುಚ್ಚುಮರೆಯಿಲ್ಲದ ಯಂತ್ರ ಇನ್ನೊಂದಿಲ್ಲ. ಮೊಬೈಲಿನ ಹೊಟ್ಟೆಯಲ್ಲಿ ಏನಿದೆಯೋ ನಮಗೆ ಕಾಣುವುದಿಲ್ಲ, ಕಂಡರೂ ತಿಳಿಯುವುದಿಲ್ಲ. ಸೈಕಲ್ಲಿನಲ್ಲಿ ಕಾಲಿನ ಒತ್ತಡ ಪೆಡಲಿಗೆ, ಪೆಡಲಿನಿಂದ ಚೈನಿಗೆ, ಚೈನಿನಿಂದ ಹಿಂದಿನ ಚಕ್ರಕ್ಕೆ ಹೋಗುವುದು ಕಣ್ಣೆದುರೇ ಇದೆ. ಹಳೆಯ ಕರಿ ಸೈಕಲ್ಲಿನ ಹಿಂದಿನ ಹಬ್ಬು ಬಿಚ್ಚಿದರೆ ಒಂದೊಂದು ಬದಿಗೆ ಕಾಲಿಂಚಿನ ಒಂಬತ್ತು ಗುಂಡುಗಳು ಸಿಗುತ್ತವೆ. ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸಿನಲ್ಲಿ ಕೂರಿಸಿ, ಕೋನು ಬಿಗಿಯಬೇಕು. ಜಾಸ್ತಿ ಬಿಗಿದರೆ ಚಕ್ರ ಗರಗರ ಅನ್ನುತ್ತದೆ, ಸಡಿಲ ಬಿಟ್ಟರೆ ಅಲ್ಲಾಡುತ್ತದೆ. ಇವೆರಡರ ನಡುವಿನ ಹದ ಬೆರಳ ತುದಿಗೆ ಮಾತ್ರ ಗೊತ್ತಾಗುತ್ತದೆ. ಎಡಗಡೆಯ ಪೆಡಲನ್ನು ಬಿಚ್ಚಲು ಯಾಕೆ ಉಲ್ಟಾ ತಿರುಗಿಸಬೇಕು ಎಂದು ಯೋಚಿಸುತ್ತ ಹೊರಟರೆ ಒಂದು ಮಧ್ಯಾಹ್ನ ಕಳೆಯುತ್ತದೆ. ಹೊಸ ಚೈನಿನಲ್ಲಿ 24 ಕೊಂಡಿ ಅಳೆದರೆ ಸರಿಯಾಗಿ 12 ಇಂಚು. ಸವೆದಂತೆಲ್ಲ ಅದು ಉದ್ದವಾಗುತ್ತದೆ. ಒಂದಿಂಚಿನ ಹದಿನಾರರಲ್ಲೊಂದು ಪಾಲು ಹೆಚ್ಚಾದರೆ ಬದಲಿಸಬೇಕು. ತಡಮಾಡಿದರೆ ಹಲ್ಲುಚಕ್ರವೂ ಸವೆದು ಹಾಳಾಗುತ್ತದೆ. ಮುಂಬಯಿಯ ಉಪ್ಪುಗಾಳಿಗೆ, ನಾಲ್ಕು ತಿಂಗಳ ಮಳೆಗೆ ಕಬ್ಬಿಣ ಎಷ್ಟು ಬೇಗ ಕೆಂಪಾಗುತ್ತದೆಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಹಾಗಾಗಿ ಕೈಗೆ ಕೆಲಸಕ್ಕೆ ಬರವಿಲ್ಲ.

ಇದೆಲ್ಲ ಸವಾರಿಗೆ ಮಾಡಿಕೊಳ್ಳುವ ಸಿದ್ಧತೆ, ಸವಾರಿಯೇ ಇಲ್ಲದಿದ್ದರೆ ಇದು ದಂಡ ಎನ್ನುವ ವಾದವಿದೆ. ನನಗದು ಒಪ್ಪಿಗೆಯಿಲ್ಲ. ನಮ್ಮಲ್ಲೇ ಆಯುಧಪೂಜೆ ಇದೆಯಲ್ಲ. ಆ ದಿನ ಉಪಕರಣಗಳನ್ನು ಕೆಳಗಿಟ್ಟು, ತೊಳೆದು, ಒರೆಸಿ, ಕುಂಕುಮವಿಟ್ಟು, ಹೂ ಮುಡಿಸುತ್ತೇವೆ. ಊರಿನ ಸೈಕಲ್ಲುಗಳೆಲ್ಲ ಅಂದು ಚೆಂಡುಹೂವಿನ ಹಾರ ಹಾಕಿಕೊಂಡು ನಿಲ್ಲುತ್ತವೆ. ವಸ್ತುವನ್ನು ದುಡಿಸದೆ, ಅದರ ಕಡೆಗೇ ಗಮನ ಕೊಡುವುದಕ್ಕೆ ನಮ್ಮವರು ವರ್ಷದಲ್ಲಿ ಒಂದು ದಿನವನ್ನೇ ತೆಗೆದಿಟ್ಟಿದ್ದಾರೆ. ಕೆಲವರ ಮನೆಯಲ್ಲಿ ಆ ದಿನ ಆಗಾಗ ಬರುತ್ತದೆ, ಅಷ್ಟೇ.

ಕನ್ನಡವೂ ಈ ಎರಡನ್ನು ಬೆರೆಸುವುದಿಲ್ಲ. ಸೈಕಲ್ಲನ್ನು ತುಳಿಯುತ್ತೇವೆ, ಹೊಡೆಯುತ್ತೇವೆ, ಓಡಿಸುತ್ತೇವೆ, ಕರಾವಳಿಯವರು ಬಿಡುತ್ತಾರೆ. ಇನ್ನೊಂದು ಕೆಲಸಕ್ಕೆ ಬಿಚ್ಚುವುದು, ಜೋಡಿಸುವುದು, ಬಿಗಿಯುವುದು, ಡೊಂಕು ತೆಗೆಯುವುದು ಎಂಬ ಬೇರೆಯೇ ಮಾತುಗಳಿವೆ. 2011ರ ಜನಗಣತಿ ಕೂಡ ಇವನ್ನು ಎರಡು ಪ್ರಶ್ನೆಯಾಗಿ ಕೇಳಿತು. ಮನೆಯಲ್ಲಿ ಸೈಕಲ್ ಇದೆಯೇ ಎಂಬುದಕ್ಕೆ ದೇಶದ ಶೇ 45ರಷ್ಟು ಕುಟುಂಬಗಳು ಹೌದು ಎಂದವು. ಕೃಷಿ ಮತ್ತು ಮನೆಗೆಲಸದ ಉದ್ಯಮ ಬಿಟ್ಟು ಉಳಿದ ದುಡಿಯುವವರನ್ನು ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಕೇಳಿದಾಗ ಸೈಕಲ್ಲಿನಲ್ಲಿ ಎಂದವರು ಶೇ 13ರಷ್ಟು. ಸೈಕಲ್ ಇರುವುದು ಬೇರೆ, ಸೈಕಲ್ಲಿನಲ್ಲಿ ಹೋಗುವುದು ಬೇರೆ ಎಂಬುದು ಸರ್ಕಾರದ ಲೆಕ್ಕದಲ್ಲೇ ಇದೆ.

ಈಗ ಎರಡನೆಯ ಮಾತು. ಮುಂಬಯಿಯಲ್ಲಿ ಸೈಕಲ್ ತುಳಿಯುವವರು ಯಾರು?

ಬೆಳಗಿನ ಜಾವ ಬೇಕರಿಯಿಂದ ಪಾವ್ ಹೇರಿಕೊಂಡು ಗಲ್ಲಿಗಲ್ಲಿಗೆ ಬರುವವರು. ಸ್ಟೇಷನ್ನಿನ ಹೊರಗೆ ಕಂಬಕ್ಕೆ ಬಿಗಿದಿಟ್ಟ ಸೈಕಲ್ಲನ್ನು ಬಿಡಿಸಿಕೊಂಡು, ಹ್ಯಾಂಡಲ್ಲಿಗೂ ಕ್ಯಾರಿಯರಿಗೂ ಡಬ್ಬಿ ನೇತುಹಾಕಿಕೊಂಡು ಹೋಗುವ ಡಬ್ಬಾವಾಲಾಗಳು. ರಾತ್ರಿ ಸೈಕಲ್ ಮೇಲೆ ಫ್ಲಾಸ್ಕ್ ಇಟ್ಟುಕೊಂಡು ಚಹಾ ಮಾರುವವರು. ಒಂದು ಪಾಳಿ ಮುಗಿಸಿ ಇನ್ನೊಂದು ಕಟ್ಟಡಕ್ಕೆ ಹೊರಟ ವಾಚ್‌ಮನ್‌ಗಳು. ಚಾಕುವಿಗೆ ಸಾಣೆ ಹಿಡಿಯುವವರನ್ನೂ ಸೇರಿಸಬೇಕು. ಅವರು ನಮ್ಮ ಕಟ್ಟಡದ ಕೆಳಗೆ ಬಂದು ಸ್ಟ್ಯಾಂಡ್ ಹಾಕಿ, ನಿಂತಲ್ಲೇ ಪೆಡಲು ತುಳಿದು ಸಾಣೆಕಲ್ಲನ್ನು ತಿರುಗಿಸುತ್ತಾರೆ. ಇವರಲ್ಲಿ ಯಾರನ್ನಾದರೂ ನಿಲ್ಲಿಸಿ ‘ಸೈಕಲ್ ಅಂದ್ರೆ ನಿಮಗಿಷ್ಟವಾ?’ ಎಂದು ಕೇಳಿದರೆ ಪ್ರಶ್ನೆಯೇ ವಿಚಿತ್ರ ಎನ್ನಿಸೀತು. ಬಸ್ಸಿನ ದುಡ್ಡು ಉಳಿಯುತ್ತದೆ, ಗಲ್ಲಿಯಲ್ಲಿ ನುಗ್ಗಬಹುದು, ಕಟ್ಟಿದಷ್ಟು ಹೊರೆ ಹೊರುತ್ತದೆ. ಅದು ಅವರ ಸೈಕಲ್.

ಹವ್ಯಾಸದ ಸೈಕಲ್ಲುಗಳು ಬೇರೆ ಹೊತ್ತಿನಲ್ಲಿ, ಬೇರೆ ಬಟ್ಟೆಯಲ್ಲಿ, ಬೇರೆ ರಸ್ತೆಯಲ್ಲಿ ಕಾಣುತ್ತವೆ. ತಪ್ಪೇನಿಲ್ಲ. ಕೇಳಬೇಕಾದ್ದು ‘ಸೈಕಲ್ಲಿಗೆ ಏನಾದರೂ ಮಾಡಬೇಕು’ ಎಂದು ನಗರ ಹೊರಟಾಗ ಅದರ ಕಣ್ಣಮುಂದೆ ಯಾರ ಚಿತ್ರ ಇರುತ್ತದೆ ಎಂಬುದು.

ಪೊವಾಯಿ ಕೆರೆಯನ್ನೇ ನೋಡಿ. ಮಹಾನಗರಪಾಲಿಕೆ ಕೆರೆಯಂಚಿನಲ್ಲಿ ಸೈಕಲ್ ಮತ್ತು ಜಾಗಿಂಗ್ ಪಥ ಕಟ್ಟಲು ಹೊರಟಿತು. ಕೆರೆಯನ್ನು ಸುತ್ತಿಬರುವ ಪಥದಲ್ಲಿ ಪಾವಿನವನಿಗೆ ಏನು ಕೆಲಸ? 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಆ ಕಾಮಗಾರಿ ಕಾನೂನುಬಾಹಿರ ಎಂದಿತು, ಜಾಗವನ್ನು ಮೊದಲಿದ್ದಂತೆ ಮಾಡಿ ಎಂದು ಆದೇಶಿಸಿತು. ಕೆರೆ ಉಳಿದದ್ದು ಒಳ್ಳೆಯದಾಯಿತು. ಆದರೆ ಆ ಗಲಾಟೆಯಲ್ಲಿ ‘ಸೈಕಲ್’ ಎಂಬ ಪದ ಪರಿಸರಕ್ಕೆ ಎದುರಾಳಿಯಾಗಿ ನಿಂತಿತು. ಇಂಥದ್ದೊಂದು ಪಥ ಬೇಕೆಂದು ಡಬ್ಬಾವಾಲಾಗಳೇನೂ ಕೇಳಿರಲಿಲ್ಲ.

ಅದೇ ವರ್ಷ ಮಾರ್ಚಿನಲ್ಲಿ ಮುಂಬಯಿ ಪೊಲೀಸರು ‘ಸಂಡೇ ಸ್ಟ್ರೀಟ್ಸ್’ ಶುರು ಮಾಡಿದರು. ಭಾನುವಾರ ಬೆಳಗ್ಗೆ ಮರೀನ್ ಡ್ರೈವ್‌ನಂಥ ಕೆಲವು ರಸ್ತೆಗಳಲ್ಲಿ ಕೆಲವು ಗಂಟೆ ವಾಹನ ನಿಲ್ಲಿಸಿ, ಜನರಿಗೆ ನಡೆಯಲು, ಆಡಲು, ಸೈಕಲ್ ಹೊಡೆಯಲು ಬಿಟ್ಟರು. ಮಕ್ಕಳು ರಸ್ತೆಯಲ್ಲಿ ಆಡುವುದನ್ನು ಕಂಡು ಯಾರಿಗೆ ತಾನೆ ಖುಷಿಯಾಗದು? ಆದರೆ ಡಬ್ಬಾವಾಲಾಗಳಿಗೆ ಭಾನುವಾರ ರಜೆ. ಸೈಕಲ್ಲಿಗೆಂದು ರಸ್ತೆ ತೆರೆದ ಹೊತ್ತಿನಲ್ಲೇ ಅವರ ಸೈಕಲ್ ಕಂಬಕ್ಕೆ ಕಟ್ಟಿಕೊಂಡಿರುತ್ತದೆ.

ಇನ್ನು ಬಾಂದ್ರಾ-ಕುರ್ಲಾ ಸಂಕೀರ್ಣ. ಅಲ್ಲಿ 2011ರ ಹೊತ್ತಿಗೆ ಎಂಎಂಆರ್‌ಡಿಎ ಪ್ರತ್ಯೇಕ ಸೈಕಲ್ ಪಥ ಮಾಡಿತು. ಸ್ವಲ್ಪ ಕಾಲದಲ್ಲೇ ಅದರ ಮೇಲೆ ಕಾರು, ಬೈಕುಗಳು ನಿಂತವು. ಈಚೆಗೆ, ಅದನ್ನು ಹೆಚ್ಚು ಜನ ಬಳಸುತ್ತಿಲ್ಲ ಎಂಬ ಕಾರಣ ಕೊಟ್ಟು, ಪಥ ತೆಗೆದು ವಾಹನಗಳಿಗೆ ರಸ್ತೆ ಅಗಲಿಸುವ ಯೋಜನೆಯೂ ಬಂತು. ಅಲ್ಲಿ ಕೆಲಸ ಮಾಡುವವರು ಬಾಂದ್ರಾ ಮತ್ತು ಕುರ್ಲಾ ಸ್ಟೇಷನ್ನುಗಳಲ್ಲಿ ಇಳಿಯುತ್ತಾರೆ. ಸ್ಟೇಷನ್ನಿನ ನೂಕುನುಗ್ಗಲಿನಿಂದ ಹೊರಬಂದವರು ಸೈಕಲ್ ಎಲ್ಲಿಂದ ಹತ್ತಬೇಕು, ಸಂಕೀರ್ಣದವರೆಗೆ ಯಾವ ರಸ್ತೆಯಲ್ಲಿ ಬರಬೇಕು ಎಂಬುದಕ್ಕೆ ಉತ್ತರವಿಲ್ಲದಿದ್ದರೆ ಒಳಗಿನ ಪಥ ಖಾಲಿ ಬೀಳದೆ ಇನ್ನೇನಾಗುತ್ತದೆ? ನಡುವಿನ ಎರಡು ಕಂಬವನ್ನಷ್ಟೇ ಕಟ್ಟಿ, ಯಾರೂ ದಾಟಲಿಲ್ಲವೆಂದು ಸೇತುವೆಯನ್ನು ದೂರಿದಂತಾಯಿತು.

‘ಯಾರೂ ಬಳಸುತ್ತಿಲ್ಲ’ ಎಂಬ ಈ ವಾಕ್ಯ ನನಗೆ ಪರಿಚಿತ. ಸಣ್ಣ ಭಾಷೆಗಳ ಶಾಲೆ ಮುಚ್ಚುವಾಗಲೂ ಇದನ್ನೇ ಹೇಳುತ್ತಾರೆ. ಮಾತಾಡುವವರು ಮನೆಯಲ್ಲಿ, ಸಂತೆಯಲ್ಲಿ, ಕೆಲಸದ ಜಾಗದಲ್ಲಿ ಮಾತಾಡುತ್ತಲೇ ಇರುತ್ತಾರೆ. ಎಣಿಸಲು ಹೋದವರು ಎಣಿಸಿದ್ದು ಮಾತ್ರ ಬೇರೆ ಜಾಗದಲ್ಲಿ. ಮುಂಬಯಿಯಲ್ಲಿ ಸೈಕಲ್ ಎಣಿಸಬೇಕಾದರೆ ಬೇಕರಿಯ ಹಿಂಬಾಗಿಲಲ್ಲಿ ಬೆಳಗಿನ ನಾಲ್ಕೂವರೆಗೆ ನಿಲ್ಲಬೇಕು. ಅದೇ ನಗರ 2009ರಲ್ಲಿ ತೆರೆದ ಬಾಂದ್ರಾ-ವರಳಿ ಸೀ ಲಿಂಕ್ ಮೇಲಾಗಲಿ, 2024ರಲ್ಲಿ ತೆರೆದ ಕರಾವಳಿ ರಸ್ತೆಯ ಮೇಲಾಗಲಿ ಸೈಕಲ್ಲನ್ನು ಬಿಟ್ಟುಕೊಂಡಿಲ್ಲ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇದಕ್ಕೊಂದು ಆಕ್ಷೇಪಣೆ ಬರುತ್ತದೆ: ಹವ್ಯಾಸಿಗಳು ಗದ್ದಲ ಮಾಡದಿದ್ದರೆ ಸೈಕಲ್ಲಿನ ಹೆಸರನ್ನು ಯಾರೂ ಎತ್ತುತ್ತಲೇ ಇರಲಿಲ್ಲ. ಇದರಲ್ಲಿ ನಿಜವಿದೆ. ಪಾವಿನವನಿಗೆ ಮನವಿಪತ್ರ ಬರೆಯಲು ಪುರಸೊತ್ತಿಲ್ಲ. ಪತ್ರಿಕೆಗೆ ಬರೆಯಬಲ್ಲವರು, ಅಧಿಕಾರಿಯ ಎದುರು ಕುರ್ಚಿ ಸಿಗುವವರು ಹವ್ಯಾಸಿಗಳೇ. ಬಿಚ್ಚುವುದೂ ತುಳಿಯುವುದೂ ಒಬ್ಬರಲ್ಲೇ ಕೂಡಿದ ದೊಡ್ಡ ಉದಾಹರಣೆಯೂ ಈ ಊರಿನದೇ. 1923ರ ಅಕ್ಟೋಬರ್ 15ರಂದು ಬೊಂಬಾಯಿಯಿಂದ ಆರು ಪಾರ್ಸಿ ಯುವಕರು ಸೈಕಲ್ ಹತ್ತಿ ಜಗತ್ತು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮಗಾರಾ ಮೂವರು ಸುಮಾರು 71 ಸಾವಿರ ಕಿಲೋಮೀಟರ್ ತುಳಿದು 1928ರ ಮಾರ್ಚಿನಲ್ಲಿ ಮರಳಿದರು. ಮರುಭೂಮಿಯಲ್ಲಿ ಚಕ್ರ ಕೆಟ್ಟರೆ ಸರಿಮಾಡಲು ಅವರ ಕೈ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಅಂಥವರು ನೂರು ವರ್ಷಕ್ಕೊಮ್ಮೆ ಹುಟ್ಟುತ್ತಾರೆ. ನಗರದ ರಸ್ತೆಯನ್ನು ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಬೇಕಾಗಿಲ್ಲ.

ಹವ್ಯಾಸಿಗಳಿಗೆ ಸಿಗುವ ಆ ಕುರ್ಚಿಯಲ್ಲಿ ಕೂತು ಏನು ಹೇಳಬೇಕು ಎಂಬುದಷ್ಟೇ ನನ್ನ ತಕರಾರು. ಭಾಷೆಯ ಅಧ್ಯಯನದಲ್ಲಿ ಒಂದು ಶಿಸ್ತಿದೆ: ವ್ಯಾಕರಣ ಎಷ್ಟೇ ಚೆನ್ನಾಗಿ ಗೊತ್ತಿರಲಿ, ಯಾವ ವಾಕ್ಯ ಸರಿ ಎಂದು ತೀರ್ಮಾನಿಸುವವರು ಅದನ್ನಾಡುವ ಜನ. ಸೈಕಲ್ಲಿಗೂ ಅದೇ ಸಲ್ಲುತ್ತದೆ. ಅಧಿಕಾರಿ ನಮ್ಮನ್ನು ಕರೆದರೆ, ಜೊತೆಗೆ ಒಬ್ಬ ಡಬ್ಬಾವಾಲಾರನ್ನೂ ಒಬ್ಬ ಪಾವಿನವರನ್ನೂ ಕರೆಸಿ ಎನ್ನಬೇಕು. ಅವರು ಕೆರೆಯ ಸುತ್ತ ಪಥ ಕೇಳಲಿಕ್ಕಿಲ್ಲ. ಸ್ಟೇಷನ್ ಹೊರಗೆ ಬಿಸಿಲು ಮಳೆಗೆ ಮರೆಯಿರುವ ಸ್ಟ್ಯಾಂಡ್, ಪೊಲೀಸರು ಎತ್ತಿಕೊಂಡು ಹೋಗದ ಜಾಗ ಕೇಳಿಯಾರು. ರಸ್ತೆಯಂಚಿನ ಮಳೆನೀರಿನ ಜಾಲರಿಯ ಸರಳುಗಳನ್ನು ಅಡ್ಡಡ್ಡ ಕೂರಿಸಿ ಎಂದಾರು, ಯಾಕೆಂದರೆ ಉದ್ದುದ್ದ ಕೂರಿಸಿದರೆ ಚಕ್ರ ಸಿಕ್ಕಿಕೊಂಡು ಹೊರೆ ಸಮೇತ ಮಗುಚಬೇಕಾಗುತ್ತದೆ. ಪಥ ಕಟ್ಟುವುದಕ್ಕಿಂತ ಇದೆಲ್ಲ ಅಗ್ಗ. ಉದ್ಘಾಟನೆಗೆ ರಿಬ್ಬನ್ ಕಟ್ಟುವ ಕೆಲಸವೂ ಇಲ್ಲ. ಆಗದಿರುವುದಕ್ಕೆ ಅದೂ ಒಂದು ಕಾರಣವಿದ್ದೀತು.

ಇನ್ನು ಬಿಚ್ಚುವ ಕೈಗಳಿಗೂ ಒಂದು ಕೆಲಸವಿದೆ. ವರಳಿಯಲ್ಲಿ ‘ಹಿಂದ್ ಸೈಕಲ್ ರಸ್ತೆ’ ಎಂಬ ಹೆಸರು ಇಂದಿಗೂ ಇದೆ. ಆ ಹೆಸರು ಕೊಟ್ಟ ಹಿಂದ್ ಸೈಕಲ್ಸ್ ಕಂಪನಿಯನ್ನು ಸೆನ್-ರ‍್ಯಾಲಿಯ ಜೊತೆಗೆ ಕೇಂದ್ರ ಸರ್ಕಾರ 1980ರಲ್ಲಿ ಕಾನೂನು ಮಾಡಿ ರಾಷ್ಟ್ರೀಕರಿಸಿತು. ಈಗ ಉಳಿದಿರುವುದು ರಸ್ತೆಯ ಹೆಸರು. ದಿನವೂ ತುಳಿಯುವವರು ನಂಬಿರುವುದು ರಸ್ತೆಬದಿಯ ಮೆಕ್ಯಾನಿಕ್ಕನ್ನು. ಒಂದು ಟಬ್ಬು ನೀರು, ಒಂದು ಪಂಪು, ನಾಲ್ಕು ಪಾನಾ ಇಟ್ಟುಕೊಂಡು ಕೂರುವ ಆತನಿಗೆ ಈಗ ಬೈಕಿನ ಪಂಕ್ಚರ್ ಹಾಕಿದರೇ ಹೊಟ್ಟೆ ತುಂಬುವುದು. ಬಾಲ್ಕನಿಯಲ್ಲಿ ನಾವೇ ಮಾಡಿಕೊಳ್ಳುವ ಕೆಲಸಗಳಲ್ಲಿ ಕೆಲವನ್ನಾದರೂ ಅವನಿಗೆ ಕೊಟ್ಟು, ಹತ್ತಿರ ಕೂತು ನೋಡಿ ಕಲಿತು, ಕೇಳಿದಷ್ಟು ಕೂಲಿ ಕೊಡಬಹುದು. ಅವನ ಗೂಡಂಗಡಿ ನಮ್ಮ ಹವ್ಯಾಸದ ದುಡ್ಡಿನಿಂದ ಉಳಿದರೆ, ಬೆಳಗಿನ ನಾಲ್ಕೂವರೆಗೆ ಹೊರಡುವ ಪಾವಿನವನ ಚಕ್ರವೂ ಡೊಂಕಿಲ್ಲದೆ ತಿರುಗುತ್ತದೆ.