ಬಾವುಟಗುಡ್ಡೆಯಲ್ಲಿ ಹತ್ತು ನಿಮಿಷ

ಸಿನಿಮಾ ಎಂಬ ಮಾಯಾವಿ ಏನೆಲ್ಲ ಮಾಡಬಲ್ಲ ಗೊತ್ತೇ? ಊರಲ್ಲಿ ಇಲ್ಲದೇ ಇದ್ದ ಹೋಟೆಲನ್ನೂ ಕಟ್ಟಿಸಬಲ್ಲ!

ಉತ್ತರ ಆಫ್ರಿಕಾದ ಮೊರಾಕ್ಕೋ ದೇಶದಲ್ಲಿ, ಕಡಲ ದಂಡೆಯ ಮೇಲೆ ಕಾಸಾಬ್ಲಾಂಕಾ ಅಂತ ಒಂದು ದೊಡ್ಡ ಪಟ್ಟಣ. ಅದೇ ಹೆಸರಿನ ಹಾಲಿವುಡ್ ಚಿತ್ರ 1942ರಲ್ಲಿ ಬಂತು. ಹಂಫ್ರಿ ಬೋಗಾರ್ಟ್, ಇಂಗ್ರಿಡ್ ಬರ್ಗ್‌ಮನ್ ಜೋಡಿ. ನಾಯಕ ರಿಕ್ ನಡೆಸುವ ಕೆಫೆಯೇ ಕಥೆಯ ಜೀವಾಳ. ಪಿಯಾನೋ, ಹೊಗೆ, ಹಳೇ ಪ್ರೇಮ... ಆದರೆ ಬೋಗಾರ್ಟ್ ಆಗಲಿ ಬರ್ಗ್‌ಮನ್ ಆಗಲಿ ಶೂಟಿಂಗಿಗೆ ಆ ಊರಿನ ಕಡೆ ತಲೆ ಹಾಕಲೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೋದೊಳಗೆ ಸೆಟ್ ಹಾಕಿ ಮುಗಿಸಿದರು. ಆಮೇಲೆ ಏನಾಯಿತು? ಹೋದ ಪ್ರವಾಸಿಗಳೆಲ್ಲ “ರಿಕ್ ಕೆಫೆ ಎಲ್ಲಿ?” ಅಂತ ಹುಡುಕಿದರೆ ಕೆಫೆಯೇ ಇಲ್ಲ! ಕೊನೆಗೆ ಅಮೆರಿಕದ ಮಾಜಿ ರಾಯಭಾರ ಅಧಿಕಾರಿ ಕ್ಯಾಥಿ ಕ್ರೀಗರ್ ಎಂಬಾಕೆ 2004ರಲ್ಲಿ ಅಲ್ಲಿನ ಹಳೇ ಪೇಟೆಯ ಗೋಡೆಯ ಹತ್ತಿರ ‘ರಿಕ್ಸ್ ಕೆಫೆ’ ತೆರೆದೇಬಿಟ್ಟರು. ಮೊದಲು ಸಿನಿಮಾ, ಅದಾಗಿ ಅರವತ್ತೆರಡು ವರ್ಷಕ್ಕೆ ಸ್ಥಳ!

ಸರಿ, ಆಫ್ರಿಕಾ ಅಲ್ಲೇ ಇರಲಿ. ನಮ್ಮ ಕಡಲ ಪಟ್ಟಣ ಮಂಗಳೂರಿಗೆ ಬರೋಣ. ಅಲ್ಲಿ ಇದರ ಉಲ್ಟಾ ಕಥೆ ಒಂದುಂಟು.

ಸುಳ್ಯ ತಾಲೂಕಿನ ಅಜ್ಜಾವರದ ಹುಡುಗರು ಟೆಂಪೋ ಮಾಡಿಕೊಂಡು ಒಂದು ದಿನದ ಮಂಗಳೂರು ದರ್ಶನಕ್ಕೆ ಹೊರಟರು. ಜತೆಗೆ ನಾನು. ಹನ್ನೆರಡು ಜನ, ಎಲ್ಲ ಸಿನಿಮಾ ಹುಚ್ಚರೇ. ಪಂಪ್‌ವೆಲ್‌ನಲ್ಲಿ ಗೈಡ್ ಹತ್ತಿದ. ನನ್ನದೇ ಪ್ರಾಯ, ಕೊರಳಲ್ಲಿ ಕರ್ಚೀಫು, ಬಾಯಲ್ಲಿ ಬೀಡಾ. “ಸಂಜೆಯೊಳಗೆ ಎಲ್ಲ ತೋರಿಸ್ತೇನೆ, ಯಾರೂ ಲೇಟ್ ಮಾಡುದು ಬೇಡ ಆಯ್ತಾ?” ಅಂದ.

ಮೊದಲು ಮಂಗಳಾದೇವಿ. ಊರಿಗೆ ಹೆಸರು ಕೊಟ್ಟ ತಾಯಿ. ಕೈಮುಗಿದು ಹೊರಗೆ ಬರುವಷ್ಟರಲ್ಲಿ ಗೈಡ್, “ಇದು ಗರುಡ ಗಮನದ ಏರಿಯಾ!” ಅಂದದ್ದೇ ತಡ, ನಮ್ಮವರಿಗೆ ಮೈಮೇಲೆ ಬಂತು! 2021ರಲ್ಲಿ ತೆರೆಗೆ ಬಂದ ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ದ ಹರಿ-ಶಿವರ ಕಥೆ ನಡೆಯುವುದು ಇದೇ ಮಂಗಳಾದೇವಿಯಲ್ಲಿ ತಾನೇ? ಒಬ್ಬ ನಡುರಸ್ತೆಯಲ್ಲೇ ಶಿವನ ಹುಲಿ ಕುಣಿತ ಶುರು ಮಾಡಿದ. ಆಟೋದವರೂ ನಿಂತು ನೋಡಿದರು. ಅಲ್ಲಿ ಮುಕ್ಕಾಲು ಗಂಟೆ ಹೋಯಿತು, ಯಾರಿಗೂ ಬೇಸರ ಬರಲಿಲ್ಲ. ನನಗೂ ಇಲ್ಲ. ಸಾದಾ ಬೀದಿಯೊಂದು ಸಿನಿಮಾದಿಂದಾಗಿ ಹೀಗೆ ಹೊಳೆಯುತ್ತದಲ್ಲ, ಅದು ಕಣ್ಣಿಗೆ ಹಬ್ಬ.

ಸುಲ್ತಾನ್ ಬತ್ತೇರಿ. ನದಿಯಿಂದ ಶತ್ರುವಿನ ಹಡಗು ನುಗ್ಗದ ಹಾಗೆ ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು. ಹತ್ತಿ ಇಳಿದು ಫೋಟೋ ಹೊಡೆದುಕೊಂಡದ್ದಾಯಿತು. ಪಣಂಬೂರು ಬೀಚಿನ ಬಗ್ಗೆ ನಾನೇನೂ ಹೇಳುವುದಿಲ್ಲ. ಪ್ಯಾಂಟು ಒದ್ದೆಯಾಯಿತು, ಅಷ್ಟೆ.

ಊಟದ ಮೇಲೆ ಟೆಂಪೋ ಗುಡ್ಡ ಹತ್ತಿತು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲು. ಗೋಡೆ, ಛಾವಣಿ ಎಲ್ಲ ಕಡೆ ಚಿತ್ರ! ಇಟಲಿಯಿಂದ ಬಂದ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಶುರು ಮಾಡಿದ ಕೆಲಸ. ಸಿನಿಮಾದ ಬ್ಯಾನರ್ ಬರೆಯುವ ಕಲಾವಿದರನ್ನು ಕಂಡರೆ ನನಗೆ ಮೊದಲಿನಿಂದಲೂ ಭಕ್ತಿ. ಮೇಲಿನ ಆ ಕೆಲಸ ನೋಡಿ ಕತ್ತು ನೋವು ಬಂದರೂ ಕಣ್ಣು ಕೆಳಗಿಳಿಯಲಿಲ್ಲ.

ಹೊರಗೆ ಬಂದರೆ ಅಲ್ಲೇ ಬಾವುಟಗುಡ್ಡೆ. “ಇದು ಲೈಟ್‌ಹೌಸ್ ಹಿಲ್. ಪಾರ್ಕ್ ಉಂಟು, ಗಾಳಿ ಬರ್ತದೆ. ಹತ್ತು ನಿಮಿಷ!” ಅಂದ ಗೈಡ್. ಎಂಜಿನ್ ಆಫ್ ಮಾಡಲೂ ಇಲ್ಲ. ಹುಡುಗರು ಅಲ್ಲಿದ್ದ ಪ್ರತಿಮೆಗೆ ಬೆನ್ನು ಹಾಕಿ ಸೆಲ್ಫಿ ತೆಗೆಯತೊಡಗಿದರು. ಹಿಂದೆ ನಿಂತವರು ಯಾರೆಂದು ಒಬ್ಬನಾದರೂ ಕೇಳಬೇಕಲ್ಲ?

ಕೆದಂಬಾಡಿ ರಾಮಯ್ಯ ಗೌಡರು! ಪ್ರತಿಮೆ ಅನಾವರಣವಾದದ್ದು 2022ರ ನವೆಂಬರಿನಲ್ಲಿ. ಊರು ಯಾವುದು? ಸುಳ್ಯದ ಪಕ್ಕದ ಉಬರಡ್ಕ ಮಿತ್ತೂರು. ಅಂದರೆ ಈ ಹುಡುಗರ ನೆರೆಕರೆಯವರು!

ಕಥೆ ಕೇಳಿ, ಚಿತ್ರಕಥೆಗೆ ಒಂದು ಪದ ಸೇರಿಸುವುದೂ ಬೇಕಾಗಿಲ್ಲ. 1834ರಲ್ಲಿ ಇಂಗ್ಲಿಷ್ ಕಂಪೆನಿ ಕೊಡಗನ್ನು ನುಂಗಿತು. ಅಲ್ಲಿಯವರೆಗೆ ಕೊಡಗಿನ ಅರಸರ ಕೈಕೆಳಗಿದ್ದ ಅಮರ ಸುಳ್ಯ ಸೀಮೆಯನ್ನು ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಬೆಳೆದ ಭತ್ತವನ್ನೇ ಅಳೆದು ಕಂದಾಯ ಕೊಡುತ್ತಿದ್ದ ರೈತನಿಗೆ ಈಗ “ನಗದು ತಾ” ಎಂಬ ಆಜ್ಞೆ. ಗದ್ದೆಯಲ್ಲಿ ಭತ್ತ ಬೆಳೆದೀತು, ರೂಪಾಯಿ ಬೆಳೆದೀತೇ?

ರಾಮಯ್ಯ ಗೌಡರು ಮದುವೆಯ ನೆಪ ಮಾಡಿ ಜನ ಸೇರಿಸಿದರು. ನೆಂಟರಂತೆ ಬಂದವರು ದಂಡಾಳುಗಳು! ಇನ್ನು ಡಬಲ್ ಆಕ್ಟಿಂಗಿನ ವಿಷಯ. ಕೊಡಗಿನ ರಾಜವಂಶದವನೆಂದು ಹೇಳಿಕೊಂಡಿದ್ದ ಕಲ್ಯಾಣಸ್ವಾಮಿ ಆಗಲೇ ಬ್ರಿಟಿಷರ ಸೆರೆಯಲ್ಲಿದ್ದ. ಶನಿವಾರಸಂತೆಯ ಕಡೆಯ ಪುಟ್ಟಬಸಪ್ಪ ಎಂಬ ರೈತನಿಗೆ ಅದೇ ವೇಷ, ಅದೇ ಹೆಸರು ಕೊಟ್ಟು ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ವಶವಾಯಿತು. ಪುತ್ತೂರು, ಬಂಟ್ವಾಳ... ದಾರಿಯುದ್ದಕ್ಕೂ ಜನ ಕೂಡಿಕೊಂಡರು. 1837ರ ಏಪ್ರಿಲ್ 5ರಂದು ಮಂಗಳೂರು ಅವರ ಕೈಗೆ ಬಂತು. ಇದೇ ಗುಡ್ಡೆಯ ಮೇಲೆ ಬಾವುಟ ಹಾರಿತು! ಇಂಟರ್‌ವಲ್ಲಿಗೆ ಇದಕ್ಕಿಂತ ಒಳ್ಳೆಯ ಶಾಟ್ ಯಾರಾದರೂ ತೋರಿಸಲಿ ನೋಡೋಣ. ಸಿಪಾಯಿ ದಂಗೆಗೆ ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು, ನೆನಪಿರಲಿ. ಹದಿಮೂರು ದಿನ ರೈತರ ರಾಜ್ಯಭಾರ ನಡೆಯಿತು. ಆಮೇಲೆ ಕಣ್ಣೂರಿನಿಂದ ಹಡಗಿನಲ್ಲಿ ಕಂಪೆನಿಯ ಸೈನ್ಯ ಬಂತು.

ಸಂಗೊಳ್ಳಿ ರಾಯಣ್ಣನನ್ನು ನೇಣಿಗೇರಿಸಿದ್ದು 1831ರಲ್ಲಿ. ಅವನ ಕಥೆಗೆ 2012ರಲ್ಲಿ ದರ್ಶನ್ ನಾಯಕನಾಗಿ ನಿಂತರು, ಥಿಯೇಟರಿನಲ್ಲಿ ಶಿಳ್ಳೆ ಹೊಡೆಯದ ಹುಡುಗನಿಲ್ಲ. ಕಿತ್ತೂರು ಚೆನ್ನಮ್ಮನಿಗೆ 1961ರಲ್ಲೇ ಬಿ. ಸರೋಜಾದೇವಿ ಸಿಕ್ಕಿದ್ದರು. ಈ ಹನ್ನೆರಡು ಹುಡುಗರಲ್ಲಿ ಯಾರನ್ನು ಕೇಳಿದರೂ ರಾಯಣ್ಣನ ಡೈಲಾಗು ಹೇಳಿಯಾರು. ರಾಮಯ್ಯ ಗೌಡರನ್ನು ಯಾರು ಕಂಡಿದ್ದಾರೆ? ಕಾದಂಬರಿ ಇಲ್ಲವೇ ಅಂದರೆ ಅದೂ ಉಂಟು. ಕುಳಕುಂದದ ನಿರಂಜನರು ‘ಕಲ್ಯಾಣಸ್ವಾಮಿ’ ಬರೆದು ಎಷ್ಟೋ ಕಾಲವಾಯಿತು. ಅದನ್ನು ಓದಿದ ನಿರ್ಮಾಪಕರು ನಮ್ಮ ಗಾಂಧಿನಗರದಲ್ಲಿ ಎಷ್ಟು ಮಂದಿ ಇದ್ದಾರೋ, ಆ ಲೆಕ್ಕ ಕೇಳುವುದು ಬೇಡ!

ಇದನ್ನೆಲ್ಲ ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತು ಹೇಳತೊಡಗಿದೆ. ಡ್ರೈವರ್ ಹಾರ್ನ್ ಹೊಡೆದ. ಗೈಡ್ ವಾಚು ತೋರಿಸಿದ. ಯಾರೂ ಕದಲಲಿಲ್ಲ. ಬೆಳಗ್ಗೆ ಕುಣಿದಿದ್ದ ಹುಡುಗನೇ ಫೋನು ಜೇಬಿಗೆ ಹಾಕಿ ಪ್ರತಿಮೆಯ ಮುಖವನ್ನೇ ನೋಡುತ್ತ ನಿಂತ. “ಮಿತ್ತೂರಾ? ನನ್ನ ಅಮ್ಮನ ಮನೆಯ ಕಡೆ ಮಾರಾಯ್ರೆ. ಅಜ್ಜ ಏನೋ ಹೇಳ್ತಾ ಇದ್ದರು, ನಾನು ಕೇಳಿಸಿಕೊಳ್ಳಲೇ ಇಲ್ಲ” ಅಂದ. ಗೈಡ್ ಕೂಡ ಬೀಡಾ ಉಗುಳಿ ಹತ್ತಿರ ಬಂದ. “ಇಷ್ಟೆಲ್ಲ ನಮಗೆ ಯಾರೂ ಹೇಳಿಕೊಡುದಿಲ್ಲ. ಪ್ಯಾಸೆಂಜರುಗಳು ಕೇಳುದೂ ಇಲ್ಲ” ಅಂದ. ಅವನ ಮಾತೂ ನಿಜವೇ. ಕೇಳುವ ಗಿರಾಕಿ ಇಲ್ಲದ ಸರಕನ್ನು ಯಾರು ಹೊತ್ತು ತಿರುಗುತ್ತಾರೆ?

ಕೊನೆಗೆ ಕದ್ರಿ. 968ನೇ ಇಸವಿಯ ಶಾಸನವಿರುವ ಲೋಕೇಶ್ವರನ ಕಂಚಿನ ಮೂರ್ತಿ ಮುಗುಳ್ನಗುತ್ತ ಕೂತಿತ್ತು. ಹುಡುಗರ ತಲೆಯಲ್ಲಿ ಮಾತ್ರ ಇನ್ನೂ 1837.

ನಂತೂರು ವೃತ್ತದಲ್ಲಿ ನೇರ ಹೋದರೆ ಬಿಕರ್ನಕಟ್ಟೆ. ಪುಟ್ಟಬಸಪ್ಪನನ್ನೂ ಲಕ್ಷ್ಮಪ್ಪ ಬಂಗರಸನನ್ನೂ ಗಲ್ಲಿಗೇರಿಸಿದ ಜಾಗ. ಅದು ಗೈಡಿನ ಪಟ್ಟಿಯಲ್ಲಿರಲಿಲ್ಲ. ಟೆಂಪೋ ಬಲಕ್ಕೆ ತಿರುಗಿ ಪಂಪ್‌ವೆಲ್ ಹಾದಿ ಹಿಡಿಯಿತು. ಕತ್ತಲಾಗಿತ್ತು. ಪಾಣೆಮಂಗಳೂರಿನ ಸೇತುವೆ ದಾಟುವಾಗ ಹಿಂದಿನ ಸೀಟಿನಿಂದ ಒಬ್ಬ ಕೇಳಿದ: “ಅಣ್ಣ, ರಾಮಯ್ಯ ಗೌಡರ ಪಾರ್ಟ್ ಯಾರು ಮಾಡಿದರೆ ಒಳ್ಳೇದು?”

ಅಷ್ಟೇ, ಶುರುವಾಯಿತು ಜಗಳ! ರಿಷಬ್ ಶೆಟ್ಟಿಯೇ ಆಗಬೇಕು ಅಂತ ಐದು ಜನ. ರಾಜ್ ಬಿ. ಶೆಟ್ಟಿ ಬಿಟ್ಟರೆ ಬೇರೆ ಇಲ್ಲ ಅಂತ ನಾಲ್ವರು. ಹೊಸಬನೇ ಬೇಕು, ಸುಳ್ಯದವನೇ ಆಗಬೇಕು, ಅರೆಭಾಷೆ ಮಾತಾಡಬೇಕು ಅಂತ ಕುಣಿತದ ಹುಡುಗ. ಪುತ್ತೂರಿನಲ್ಲಿ ಚಹಾಕ್ಕೆ ಇಳಿದಾಗಲೂ ತೀರ್ಮಾನವಾಗಿರಲಿಲ್ಲ.

ನಿಮ್ಮ ಓಟು ಯಾರಿಗೆ? ಒಂದು ಕಾರ್ಡು ಗೀಚಿ ಹಾಕಿ.