ಪಟ್ಟಿಯ ಕೊನೆಯ ಹೆಸರು

ಸಿ.ಇ.ಟಿ. ಫಲಿತಾಂಶ ಹೊರಬಿದ್ದ ವಾರದಲ್ಲಿ ನಮ್ಮ ಬೀದಿಯ ಗೃಹಸ್ಥರೊಬ್ಬರು ಮಗನೊಡನೆ ನಮ್ಮಲ್ಲಿಗೆ ಬಂದರು. ಕೈಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳ ಪಟ್ಟಿಯಿದ್ದಿತು. ಎಂಟೇ ಹೆಸರುಗಳು, ಎಂಟೂ ಬೆಂಗಳೂರಿನ ಹೆಸರಾಂತ ಕಾಲೇಜುಗಳು, ಎಂಟರಲ್ಲಿಯೂ ಕಂಪ್ಯೂಟರ್ ವಿಜ್ಞಾನವೇ. ಹುಡುಗನ ರ‍್ಯಾಂಕು 18,000ದ ಆಸುಪಾಸು. “ಇವುಗಳ ಕೆಳಗೆ ಸಣ್ಣ ಕಾಲೇಜೊಂದನ್ನು ಬರೆದರೆ ಅದೇ ಗಂಟುಬೀಳುವುದಲ್ಲವೆ, ಸ್ವಾಮಿ?” ಎಂದು ತಂದೆ ಕೇಳಿದರು. ಈ ಅಂಜಿಕೆ ಅವರೊಬ್ಬರದೇ ಅಲ್ಲವಾದುದರಿಂದ ಈ ತಿಂಗಳು ಅದನ್ನೇ ಕುರಿತು ಬರೆಯುತ್ತೇವೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ಸೀಟು ಹಂಚುವುದು ರ‍್ಯಾಂಕಿನ ಅನುಕ್ರಮದಲ್ಲಿ. ವಿದ್ಯಾರ್ಥಿಯ ಸರದಿ ಬಂದಾಗ ಅವನ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡಿ, ಅವನಿಗೆ ಸಲ್ಲುವ ಸೀಟು ಮೊದಲು ಎಲ್ಲಿ ಉಳಿದಿದೆಯೋ ಅದನ್ನು ಕೊಡುವರು. ಒಂಬತ್ತನೆಯ ಹೆಸರಿನಿಂದ ಮೊದಲಿನ ಎಂಟಕ್ಕೆ ಕಿಂಚಿತ್ತೂ ಬಾಧೆಯಿಲ್ಲ. ಎಂಟೂ ಕೈತಪ್ಪಿದ ಮೇಲಷ್ಟೇ ಅದರ ಮಾತು. ಅದನ್ನು ಬರೆಯದೆ ಬಿಟ್ಟವನಿಗೆ ಆ ಸುತ್ತಿನಲ್ಲಿ ಸೀಟೇ ಇಲ್ಲ.

ಹಿಂದಿನ ವರ್ಷ ಯಾವ ಕಾಲೇಜಿನ ಯಾವ ವಿಭಾಗ ಎಷ್ಟನೆಯ ರ‍್ಯಾಂಕಿಗೆ ಮುಗಿಯಿತೆಂಬುದನ್ನು ಪ್ರಾಧಿಕಾರದ ಜಾಲತಾಣದಲ್ಲಿ ನೋಡಬಹುದು. ತಮಗೆ ಅನ್ವಯಿಸುವ ಪ್ರವರ್ಗದ ಅಂಕಣವನ್ನೇ ನೋಡತಕ್ಕದ್ದು; ಗ್ರಾಮೀಣ ಮೀಸಲಾತಿಯಲ್ಲಿ ಸ್ನೇಹಿತನಿಗೆ ದೊರೆತದ್ದು ನಮ್ಮವನಿಗೆ ಪ್ರಮಾಣವಾಗದು. ಈ ಕಡೆಯ ರ‍್ಯಾಂಕು ವರ್ಷದಿಂದ ವರ್ಷಕ್ಕೆ ಏರಿಳಿಯುವುದರಿಂದ, ಅಂಚಿನಲ್ಲಿರುವ ಕಾಲೇಜನ್ನು ಆಸರೆಯೆಂದು ನಂಬಲಾಗದು. ಸಾಕಷ್ಟು ಅಂತರವುಳ್ಳ ಎರಡು ಮೂರು ಹೆಸರುಗಳಾದರೂ ಇರಲಿ.

ಆದರೆ ಅಂಕಿಗಳು ಹೇಳದ ಮಾತೊಂದುಂಟು. ಸೀಟು ದೊರೆತರೂ ಮಗನು ಹೋಗಲೊಲ್ಲದ, ಇಲ್ಲವೆ ತಂದೆಯು ಶುಲ್ಕ ತೆರಲಾರದ ಕಾಲೇಜು ಆಸರೆಯಾಗಲಾರದು. ಊರು ಮುಖ್ಯವೋ, ವಿಭಾಗ ಮುಖ್ಯವೋ ಎಂಬುದನ್ನು ಮನೆಯವರೆಲ್ಲ ಕುಳಿತು ಮೊದಲೇ ತೀರ್ಮಾನಿಸಬೇಕು. ಬೆಂಗಳೂರೇ ಬೇಕೆನ್ನುವವರು ಸಿವಿಲ್ ಅಥವಾ ಮೆಕ್ಯಾನಿಕಲ್ ವಿಭಾಗವನ್ನು ಒಪ್ಪಬೇಕಾದೀತು. ಊರು ಯಾವುದಾದರೂ ಸರಿಯೆನ್ನುವವರಿಗೆ ಹಾಸನ, ಹಾವೇರಿ, ಕಾರವಾರ, ರಾಯಚೂರು, ಚಾಮರಾಜನಗರಗಳಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ಶುಲ್ಕ ಖಾಸಗಿ ಕಾಲೇಜುಗಳಿಗಿಂತ ಕಡಮೆ. ಬೆಂಗಳೂರಿನ ಹಾಸ್ಟೆಲಿನ ಖರ್ಚನ್ನು ಬಲ್ಲವರಿಗೆ ನಾವು ಹೆಚ್ಚು ಹೇಳಬೇಕಾದುದಿಲ್ಲ.

ಎರಡನೆಯ ಸುತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. ದೊರೆತ ಸೀಟನ್ನು ಕಾದಿರಿಸಿಕೊಂಡು ಮುಂದಿನ ಸುತ್ತಿಗೆ ಹೋಗಬಹುದು. ಆದರೆ ಪಟ್ಟಿಯಲ್ಲಿ ಮೇಲಿರುವ ಸೀಟು ಅಲ್ಲಿ ಸಿಕ್ಕಿತೆಂದರೆ ಮೊದಲಿನದು ತಾನಾಗಿ ಹೋಗುವುದು. ಬೇಡವಾದ ಹೆಸರನ್ನು ಮೇಲೆ ಉಳಿಸಿಕೊಂಡವರು ಆಗ ಪೇಚಾಡುವರು. ಆಯಾ ವರ್ಷದ ಸೂಚನೆಗಳನ್ನು ಓದಿಯೇ ಮುಂದುವರಿಯುವುದು ಕ್ಷೇಮ.

ಇಷ್ಟನ್ನು ಕೇಳಿದ ಮೇಲೆ ನಾವು ಹುಡುಗನತ್ತ ತಿರುಗಿ ಅವನ ಇಷ್ಟವೇನೆಂದು ವಿಚಾರಿಸಿದೆವು. ಅದುವರೆಗೆ ಅವನು ತುಟಿಬಿಚ್ಚಿರಲಿಲ್ಲ. “ಹಾಸನವಾದರೂ ನನಗೆ ಆದೀತು. ನಾಲ್ಕು ಜನ ಕೇಳಿದರೆ ಏನು ಹೇಳುವುದೆಂದು ಅಪ್ಪನೇ ಬರೆಯಗೊಡಲಿಲ್ಲ,” ಎಂದನು. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಮ್ಮ ಮೇಜಿನ ಮೇಲಿದ್ದ ಲೇಖನಿಯನ್ನು ಕೇಳಿ ತೆಗೆದುಕೊಂಡರು. ಅಣಕು ಸೀಟು ಹಂಚಿಕೆಗೆ ಇನ್ನೂ ದಿನಗಳಿದ್ದುವು.